ವಿಭೂತಿ ಬಿದ್ದ ಮೀನಿನ ಪುಡಿ

ಕೈಲಾಂಚದಲ್ಲಿ ನಮ್ಮ ಹಿತ್ತಲಿಗೆ ಗೋಡೆ ಹಂಚಿಕೊಂಡಿರುವುದು ಮೀನಾಕ್ಷಮ್ಮನ ಮನೆ. ಅವರು ಲಿಂಗ ಕಟ್ಟಿದವರು. ನಾವು ಮೀನು ಬೇಯಿಸಿದ ದಿನ ಆಕೆ ಈ ಕಡೆಯ ಕಿಟಕಿ ಮುಚ್ಚುತ್ತಿದ್ದಳೇ ಹೊರತು ಒಂದು ಮಾತೂ ಆಡುತ್ತಿರಲಿಲ್ಲ. ಅಂಥವಳ ಮಗಳು ರಕ್ಷಿತಾ ಮೀನಿನ ಓದಿಗೆಂದು ಮಂಗಳೂರಿಗೆ ಹೋದಳು.

ಚಿಕ್ಕವಳಿದ್ದಾಗ ರಕ್ಷಿತಾ ನಮ್ಮ ರೇಷ್ಮೆ ಹುಳುವಿನ ತಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಹುಳು ತಿಂದದ್ದೇ ಹುಳುವಿನ ಮೈಯಾಗುತ್ತದಲ್ಲ, ಟ್ಯೂನಾ ಎಂಬ ದೊಡ್ಡ ಕಡಲ ಮೀನಿನದ್ದೂ ಹಾಗೆಯೇ ಎಂದು ಮುಂದೆ ನನಗೆ ಬಿಡಿಸಿ ಹೇಳಿದವಳೂ ಅವಳೇ. ಅದರ ಮಾಂಸದಲ್ಲಿರುವ ಇಂಗಾಲ, ಸಾರಜನಕಗಳಲ್ಲಿ ಹಗುರದ್ದು, ಒಸಿ ತೂಕದ್ದು ಎಂದು ಬಗೆಗಳಿವೆಯಂತೆ. ಐಸೋಟೋಪ್ ಅಂತ ಹೆಸರು. ಯಾವುದು ಎಷ್ಟಿದೆ ಎಂದು ಮಿಷನ್ನಿನಲ್ಲಿ ಅಳೆದರೆ ಮೀನು ಏನು ತಿಂದಿತ್ತು, ಯಾವ ಕಡಲಲ್ಲಿ ಮೇದು ಬಂತು ಎಂಬುದರ ಸುಳಿವು ಸಿಗುತ್ತದೆ. ಅದಕ್ಕಾಗಿ ದೋಣಿಗಳಲ್ಲಿ ವಾಂತಿ ಮಾಡಿಕೊಂಡು ಅಲೆದು, ಮೀನಿಗೊಂದು ಚೂರು ಕೊಯ್ದು, ಒಣಗಿಸಿ, ಪುಡಿ ಮಾಡಿ ಸೀಸೆಗೆ ತುಂಬಿದ್ದಳು.

ಆ ಸೀಸೆಗಳ ಡಬ್ಬಿಯನ್ನು ಬೆಂಗಳೂರಿನ ಮಿಷನ್ನಿಗೆ ಒಯ್ಯುವ ದಾರಿಯಲ್ಲಿ ಮನೆಗೆ ಬಂದಳು. ಓದಿನ ಗಡುವು ಆ ತಿಂಗಳೇ ಮುಗಿಯುತ್ತಿತ್ತು. ಅಳತೆ ಸಿಕ್ಕರೆ ಡಾಕ್ಟರೇಟು, ಇಲ್ಲದಿದ್ದರೆ ಅಷ್ಟು ವರ್ಷವೂ ನೀರಿಗೆ. ಡಬ್ಬಿಯಲ್ಲಿ ಏನಿದೆ ಎಂದು ತಾಯಿ ಕೇಳಿದ್ದಕ್ಕೆ ಹುಡುಗಿ ಸುಳ್ಳು ಹೇಳಲಿಲ್ಲ. ದೇವರ ಮನೆಯಿರುವ ಸೂರಿನಡಿ ಮೀನು.

ಬೆಳಿಗ್ಗೆ ಮೀನಾಕ್ಷಮ್ಮ ಗೋಡೆಯ ಮೇಲಿಂದ ಸಂತೋಷವಾಗಿ ಕೂಗಿ ಹೇಳಿದಳು: "ಮಠದ ಈಬತ್ತಿ ಕಣೆ ಕೆಂಚಕ್ಕ. ಒಂದೊಂದ್ ಸೀಸೆಗೂ ಚಿಟಿಕೆ ಹಾಕಿವ್ನಿ. ಸತ್ತ ಜೀವ್ಕೂ ಗತಿಯಾಯ್ತು, ಇವಳ ಕೆಲ್ಸಕ್ಕೂ ಒಳ್ಳೇದಾಯ್ತದೆ."

ರಕ್ಷಿತಾ ಡಬ್ಬಿ ಅಪ್ಪಿಕೊಂಡು ನಮ್ಮ ಹಿತ್ತಲ ಬಾಗಿಲಲ್ಲಿ ಬಂದು ಕೂತಳು.

"ಜರಡಿ ಹಿಡುದ್ರೆ ಹೋಗಕಿಲ್ವಾ ಮಗ?" ಎಂದೆ.

"ಅದೂ ಮೀನಿನ ಪುಡಿಯಷ್ಟೇ ನುಣ್ಣಗೈತೆ ಅಜ್ಜಿ. ಸಗಣಿ ಸುಟ್ಟಿದ್ದಲ್ವಾ, ಅದ್ರಲ್ಲೂ ಇಂಗಾಲ ಐತೆ. ಹಸ ಮೇದಿದ್ಯಾವ್ದು, ಮೀನು ಮೇದಿದ್ಯಾವ್ದು ಅಂತ ಮಿಷನ್ನಿಗೆ ಗೊತ್ತಾಗಕಿಲ್ಲ."

ಮಂಗಳೂರಿನ ತನ್ನ ಮೇಷ್ಟ್ರಿಗೆ ಫೋನು ಮಾಡಿದಳು. ಆಸಿಡ್ಡಿನಲ್ಲಿ ತೊಳೆದರೆ ಒಂದಷ್ಟು ಹೋಗಬಹುದು, ಸಗಣಿ ಸುಟ್ಟುಳಿದ ಕರಿಕು ಹೋಗುವುದಿಲ್ಲ ಎಂದರಂತೆ. ಬೇರೆ ಚೂರು ತರೋಣವೆಂದರೆ ಆ ಮೀನುಗಳನ್ನು ಮಾರಿ, ತಿಂದು ಎಷ್ಟೋ ಕಾಲವಾಗಿತ್ತು. ಹುಡುಗಿ ಅಳಲೂ ಇಲ್ಲ. ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು.

ತಿಂಡಿ ಆರುತ್ತದೆ ಎಂದು ಅತ್ತಲಿಂದ ಕೂಗು ಬಂತು. ಅವ್ವನಿಗೆ ಹೇಳಬೇಡ ಎಂದು ರಕ್ಷಿತಾ ನನ್ನ ಕೈ ಹಿಡಿದಳು. ಮುಖ ತೊಳೆದು ಹೋಗಿ ತಾಯಿಯ ಮುಂದೆ ಹಣೆ ಒಡ್ಡಿದಳು. ಆಕೆ ವಿಭೂತಿ ಹಚ್ಚಿ ಬಸ್ಸಿಗೆ ಕಳಿಸಿದಳು.

ಈಗ ರಕ್ಷಿತಾ ಬಿಡದಿಯ ಒಂದು ಫ್ಯಾಕ್ಟರಿಗೆ ಹೋಗಿ ಬರುತ್ತಾಳೆ. ಫಲಿತಾಂಶ ತಡವಾಗುತ್ತದೆ ಎಂದು ಮನೆಯಲ್ಲಿ ಹೇಳಿದ್ದಾಳೆ. ಅಳತೆಗೆ ಹೋಗದ ಡಬ್ಬಿ ಅವಳವ್ವನಿಗೆ ತಿಳಿಯದಂತೆ ನಮ್ಮ ಅಟ್ಟದಲ್ಲಿದೆ. ಸೋಮವಾರ ಪೂಜೆ ಮುಗಿಸಿದ ಮೀನಾಕ್ಷಮ್ಮ ಗೋಡೆಗೆ ಬಂದು ಕೇಳುತ್ತಾಳೆ:

"ಆ ಮೀನು ಯಾವ್ ಕಡ್ಲಿಂದ ಬಂದಿದ್ವಂತೆ, ನಿನ್‌ತಾವಾದ್ರೂ ಏನಾರ ಯೋಳುದ್ಲಾ?"

ಇನ್ನೂ ಇಲ್ಲ ಎನ್ನುತ್ತೇನೆ. ತನ್ನ ಪೂಜೆ ಸಾಲದಾಯಿತೇನೋ ಎಂದು ಆಕೆ ಈಗ ಗುರುವಾರವೂ ಉಪವಾಸ ಹಿಡಿದಿದ್ದಾಳೆ.