ಉದ್ದಗೈ ಹಿಂದಕ್ಕೆ ಜಿಗಿಯುವುದಿಲ್ಲ

ಮಾಯಾ, ಹುಲಗೇಶನನ್ನು ಮೊದಲ ಸಲ ನೋಡಿದ್ದು ಎರಡು ವರ್ಷದ ಹಿಂದೆ, ಜೂನ್ ತಿಂಗಳ ಒಂದು ರವಿವಾರ ಮಧ್ಯಾಹ್ನ. ಧಾರವಾಡದ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಉಸ್ಮಾನಸಾಬರ ಅಂಗಡಿ. ಅವಳು ಅಲ್ಲಿಗೆ ಹೋಗಿದ್ದು ಬಿ.ಎಸ್ಸಿ. ಅಂಕಪಟ್ಟಿಯ ಝೆರಾಕ್ಸ್ ತೆಗೆಸಲು. ಮುಂದೆ ಝೆರಾಕ್ಸ್ ಯಂತ್ರ, ಅದರ ಹಿಂದೆ ಒಂದು ಹಸಿರು ಪರದೆ, ಪರದೆಯ ಆಚೆ ವಿಡಿಯೋ ಗೇಮ್ ಆಡುವ ನಾಲ್ಕು ಟಿವಿ. ಪರದೆ ಅರ್ಧ ಸರಿದಿತ್ತು. ಒಳಗೆ ಒಬ್ಬ ಮನುಷ್ಯ ಸ್ಟೂಲಿನ ಮೇಲೆ ಕುಳಿತು, ಬಲಗಾಲಿನ ಚಪ್ಪಲಿ ಬಿಚ್ಚಿ, ಹಿಮ್ಮಡಿಯನ್ನು ತಣ್ಣನೆಯ ನೆಲಗಲ್ಲಿಗೆ ಒತ್ತಿ ಹಿಡಿದಿದ್ದ. ತೊಡೆಯ ಮೇಲೆ ಉದ್ದನೆಯ ರಟ್ಟಿನ ವಹಿ. ಕಿಸೆಯಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಕುತ್ತಿಗೆಯ ಒಂದು ಬದಿಯಲ್ಲಿ ಮಾತ್ರ, ಚೀಲದ ಪಟ್ಟಿ ಬೀಳುವ ಕಡೆ, ಎರಡು ಬೆರಳಿನಗಲ ಮೈಬಣ್ಣ ಉಳಿದಿತ್ತು.

ಅಮ್ಮಿನಬಾವಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಅವಳು ಉಸ್ಮಾನಸಾಬರನ್ನು ಕೇಳಿದಳು. ಉತ್ತರ ಬಂದದ್ದು ಪರದೆಯ ಒಳಗೆ ಕುಳಿತಿದ್ದ ಹುಲಗೇಶನಿಂದ.

"ಆ ಬಸ್ ಈಗ ಹೋತ್ರಿ. ಇನ್ನ ಒಂದ್ ತಾಸು. ನಮಗಿಲ್ಲಿ ಒಬ್ರು ಕಡಿಮಿ ಬಿದ್ದಾರ. ಆಡಾಕ ಬರ್ತೈತೇನ್ರಿ?"

ಬರುತ್ತಿತ್ತು. ಸೋದರಮಾವನ ಮನೆಯ ಟಿವಿಗೆ ಹಚ್ಚಿದ್ದ ಅಗ್ಗದ ಆಟದ ಪೆಟ್ಟಿಗೆಯ ಮೇಲೆ ಅವಳು ಎಂಟನೆಯ ಇಯತ್ತೆಯಿಂದ ಆಡಿದ್ದಳು. ಆದರೆ ಮನೆಯಲ್ಲಿ ಮೊದಲ ಪದವೀಧರೆ ಎನ್ನಿಸಿಕೊಂಡ ಮೇಲೆ ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಇಲ್ಲಿ ಅವಳ ಗುರುತಿನವರು ಯಾರೂ ಇರಲಿಲ್ಲ. ಒಳಗೆ ಹೋಗಿ ಮೂರು ಕುಸ್ತಿ ಆಡಿದಳು.

ಅಂಗಡಿಯಲ್ಲಿ ಒಂದೊಂದು ಪಂದ್ಯಕ್ಕೂ ಕುಸ್ತಿ ಎಂದೇ ಹೆಸರು. ಆಟ ಸರಳ: ಟಿವಿ ಪರದೆಯ ಮೇಲೆ ಇಬ್ಬರು ಎದುರುಬದುರು ನಿಂತು ಹೊಡೆದಾಡುತ್ತಾರೆ. ಆರಿಸಿಕೊಳ್ಳಲು ಇಪ್ಪತ್ತು ಪಾತ್ರಗಳಿವೆ, ಒಂದರ ಬಲ ಇನ್ನೊಂದಕ್ಕಿಲ್ಲ. ಅವುಗಳ ಪರದೇಶಿ ಹೆಸರು ನಾಲಿಗೆಗೆ ಹತ್ತದ್ದರಿಂದ ಅಂಗಡಿಯವರು ತಮ್ಮವೇ ಹೆಸರು ಇಟ್ಟುಕೊಂಡಿದ್ದರು. ಬಿಳಿ ಗಡ್ಡದ, ಗಿಡ್ಡನೆಯ, ನಿಧಾನಿ ಪಾತ್ರ ಅಜ್ಜ. ಅರ್ಧ ಪರದೆಯ ತನಕ ಕೈ ಚಾಚಿ ಹೊಡೆಯುವವನು ಉದ್ದಗೈ. ಸಿಕ್ಕವರನ್ನು ಹಿಡಿದೆತ್ತಿ ಒಗೆಯುವ ದಪ್ಪ ಪಾತ್ರ ಮೂಟಿ, ಅದನ್ನು ಆಡುವವರು ಉಸ್ಮಾನಸಾಬರೊಬ್ಬರೇ.

ಅವಳು ಆಡುವಾಗ ಉಸ್ಮಾನಸಾಬರು ಪಕ್ಕಕ್ಕೆ ಬಂದು ನಿಂತರು. ಟಿವಿಯ ಕಡೆ ಒಮ್ಮೆಯೂ ನೋಡಲಿಲ್ಲ, ಅವಳ ಬೆರಳುಗಳನ್ನೇ ನೋಡುತ್ತಿದ್ದರು. ಮೂರನೆಯ ಕುಸ್ತಿ ಮುಗಿದಾಗ ಹುಲಗೇಶನಿಗೆ ಹೇಳಿದರು.

"ಕೈ ಚುರುಕ ಐತಿ. ಈಕೀಗೆ ಅಜ್ಜನ್ನ ಕೊಡು."

ಹುಲಗೇಶ ನೀಲಿ ಪೆನ್ನಿನಲ್ಲಿ ಬರೆದುಕೊಂಡ. ಅಂಗಡಿಯ ಮಟ್ಟಿಗೆ ಅಂದಿನಿಂದ ಮಾಯಾ ಅಂದರೆ ಅಜ್ಜ.

ಆ ಪದ್ಧತಿಯನ್ನು ಉಸ್ಮಾನಸಾಬರು ಗರಡಿಯಿಂದ ತಂದಿದ್ದರು. ಹರೆಯದಲ್ಲಿ ಅವರು ಪೈಲ್ವಾನರು. ಕುಸ್ತಿಯ ಕಣದಲ್ಲಿ ಹಿರಿಯರು ಇಬ್ಬರ ಮೈಕಟ್ಟು ನೋಡಿ, ಸರಿಸಮ ಕಂಡರೆ ಕೈಗೆ ಕೈ ಕೊಡಿಸಿ ಜೋಡಿ ಹಚ್ಚುತ್ತಾರೆ. ಏಳು ವರ್ಷದ ಹಿಂದೆ ಅಂಗಡಿಯಲ್ಲಿ ರವಿವಾರದ ಆಟ ಶುರುವಾದಾಗ ಗೆಲ್ಲುವವರೇ ಗೆದ್ದು, ಸೋಲುವವರು ಬರುವುದನ್ನೇ ಬಿಟ್ಟರು. ಆಗ ಅವರು ಈ ರೂಢಿ ಹಾಕಿದರು: ಕೈ ಚುರುಕಾಗಿದ್ದವರಿಗೆ ಸೋಲುವಂಥ ಪಾತ್ರ, ಕೈ ಮಂದವಾಗಿದ್ದವರಿಗೆ ಗೆಲ್ಲುವಂಥ ಪಾತ್ರ. ಒಮ್ಮೆ ಕೊಟ್ಟ ಪಾತ್ರವನ್ನು ಬದಲಿಸುವ ಹಾಗಿಲ್ಲ. ಇದರಿಂದ ಎಲ್ಲರೂ ಆಗಾಗ ಗೆದ್ದರು, ಎಲ್ಲರೂ ಮತ್ತೆ ಬಂದರು. ನೀಲಕಂಠಪ್ಪ ಮಾಸ್ತರರೂ ಬಂದರು. ಅವರು ನಿವೃತ್ತ ಡ್ರಾಯಿಂಗ್ ಮಾಸ್ತರರು, ಮನೆಯಲ್ಲಿ ಹೊತ್ತು ಹೋಗದೆ ಬರುತ್ತಿದ್ದರು. ಅವರ ಕೈ ಎಲ್ಲರಿಗಿಂತ ಮಂದ, ಅದಕ್ಕೇ ಉದ್ದಗೈ ಅವರ ಪಾಲಿಗೆ ಬಂದಿತ್ತು. ಮಾಸ್ತರರ ಮೇಲಿನ ಗೌರವಕ್ಕೆ ಬೇರೆ ಯಾರಿಗೂ ಅದನ್ನು ಕೊಡುತ್ತಿರಲಿಲ್ಲ.

ಹುಲಗೇಶನ ಕೆಲಸ ಬರೆಯುವುದು. ವಾರದ ಆರು ದಿನ ಅವನು ಗುತ್ತಿಗೆಯ ಮೇಲೆ ಮನೆಮನೆಯ ಕರೆಂಟ್ ಮೀಟರ್ ಓದುತ್ತಿದ್ದ. ಧಾರವಾಡದ ಓಣಿಗಳು ಏರಿಗೆ ಏರು, ಇಳಿತಕ್ಕೆ ಇಳಿತ. ಹದಿಮೂರು ವರ್ಷ ಹಾಗೆ ತಿರುಗಿ ಹಿಮ್ಮಡಿಯಲ್ಲಿ ಎಲುಬು ಬೆಳೆದಿತ್ತು. ಡಾಕ್ಟರರು ನಡೆಯುವ ಕೆಲಸ ಬಿಡು ಎಂದಿದ್ದರು. ಬಿಟ್ಟು ಏನು ಮಾಡುವುದು ಎಂಬುದನ್ನು ಅವರು ಹೇಳಿರಲಿಲ್ಲ. ರವಿವಾರ ಅಂಗಡಿಗೆ ಬಂದರೆ, ಓದಿದ್ದನ್ನು ಬರೆಯುವ ಅದೇ ರೂಢಿ ಅವನ ಕೈ ಹಿಡಿಯುತ್ತಿತ್ತು. ಯಾವ ಪಾತ್ರ ಯಾವುದಕ್ಕೆ ಎದುರಾಯಿತು, ಯಾರು ಗೆದ್ದರು, ಯಾವ ಏಟಿಗೆ. ಏಳು ವರ್ಷದಲ್ಲಿ ನಾಲ್ಕು ಸಾವಿರದ ಮುನ್ನೂರು ಕುಸ್ತಿ. ಅದರಿಂದ ಅವನು ಒಂದು ಪಟ್ಟಿ ಮಾಡಿದ್ದ, ಮೇಲಿನ ಮೆಟ್ಟಿಲಿನ ಪಾತ್ರಗಳು, ನಡುವಿನವು, ಕೆಳಗಿನವು ಎಂದು. ಪಟ್ಟಿಯ ಹಿಂದೆ ಪುಟಗಳು: ಇಂಥ ಪಾತ್ರಕ್ಕೆ ಇಂಥದ್ದು ಎದುರಾದರೆ ಹೇಗೆ ಆಡಬೇಕು.

ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಅಜ್ಜ ಇದ್ದ. ಉದ್ದಗೈ ಹದಿನಾಲ್ಕನೆಯದು. ಕಾಕಾ, ಅಂದರೆ ಉಸ್ಮಾನಸಾಬರು, ಕಣ್ಣಂದಾಜಿನಲ್ಲಿ ಅಜ್ಜನನ್ನು ಬಲವಿಲ್ಲದವ ಅಂದುಕೊಂಡಿದ್ದರು, ಲೆಕ್ಕ ಬೇರೆಯೇ ಹೇಳಿತು ಎಂದು ಹುಲಗೇಶ ನಗುತ್ತಿದ್ದ. ಇಂಟರ್ನೆಟ್ಟಿನ ಪಟ್ಟಿಗಳಲ್ಲಿ ಅಜ್ಜ ತಳದಲ್ಲಿದ್ದಾನಲ್ಲ ಎಂದು ಮಾಯಾ ಒಮ್ಮೆ ಕೇಳಿದ್ದಳು. ಅವು ಮಂದಿಯ ಮಾತು, ಇದು ಎಣಿಸಿದ್ದು ಎಂದು ಅವನು ವಹಿಯ ಮೇಲೆ ಅಂಗೈ ಇಟ್ಟ. ಅವಳು ಸಂಖ್ಯಾಶಾಸ್ತ್ರ ಓದಿದವಳು. ಎಣಿಸಿದ್ದು ಎಂಬ ಮಾತನ್ನು ನಂಬಿದಳು. ಅಲ್ಲದೆ ಅಜ್ಜನನ್ನು ಹಿಡಿದು ಅವಳು ಅಂಗಡಿಯ ಎಲ್ಲರನ್ನೂ ಹೆಚ್ಚಿನ ಸಲ ಸೋಲಿಸುತ್ತಿದ್ದಳು.

ಹೋದ ಡಿಸೆಂಬರಿನಲ್ಲಿ ಹುಲಗೇಶ ಆ ಪುಟಗಳ ಫೋಟೋ ತೆಗೆದು ದುಡ್ಡಿನ ಪಂದ್ಯಗಳಲ್ಲಿ ಇದೇ ಆಟ ಆಡುವ ಪುಣೆಯ ಒಂದು ತಂಡಕ್ಕೆ ಕಳಿಸಿದ. ಅವರಿಗೆ ಪಾತ್ರಗಳನ್ನು ಅಭ್ಯಾಸ ಮಾಡಿ ಬರೆದು ಕೊಡುವ ಒಬ್ಬರು ಬೇಕಾಗಿದ್ದರು. ಮನೆಯಲ್ಲಿ ಕುಳಿತು ಮಾಡುವ ಕೆಲಸ, ತಿಂಗಳ ಪಗಾರ. ತಂಡದ ಚಿನ್ಮಯೀ ಎಂಬ ಹೆಣ್ಣುಮಗಳು ಫೋನ್ ಮಾಡಿದಳು. ತಾಯಿಯ ತವರು ಹುಬ್ಬಳ್ಳಿ, ಹಾಗಾಗಿ ಕನ್ನಡ ಬರುತ್ತಿತ್ತು. ನಿಮ್ಮ ಪಟ್ಟಿ ಎಲ್ಲರದಕ್ಕಿಂತ ಉಲ್ಟಾ ಇದೆ, ಆದರೆ ಇಷ್ಟು ಎಣಿಸಿದವರನ್ನು ನಾವು ನೋಡಿಲ್ಲ ಎಂದಳು. ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲೇ ದೊಡ್ಡ ಪಂದ್ಯವಿದೆ, ಅರವತ್ನಾಲ್ಕು ಜನ. ಈ ಪಟ್ಟಿ ನಂಬಿ ಆಡುವವರೊಬ್ಬರು ಕೊನೆಯ ಎಂಟರೊಳಗೆ ಬಂದರೆ ಕೆಲಸ ನಿಮ್ಮದು.

ಹುಲಗೇಶ ಮಾಯಾಳನ್ನು ಕೇಳಿಕೊಳ್ಳಲಿಲ್ಲ. ಹಿಮ್ಮಡಿಯನ್ನು ಕಲ್ಲಿಗೆ ಒತ್ತಿಕೊಂಡು, ಸುದ್ದಿ ಹೇಳುವವನ ಹಾಗೆ ಹೇಳಿದ. ಪಂದ್ಯಕ್ಕೆ ಅವಳೇ ಹೆಸರು ಕೊಟ್ಟಳು.

ಮೂರು ತಿಂಗಳು ಅವಳು ಮಕ್ಕಳಿಗೆ ಟ್ಯೂಷನ್ ಹೇಳಿ ಮುಗಿಸಿ ದಿನಾ ಸಂಜೆ ಬಂದಳು. ಅವನು ಮೀಟರಿನ ಚೀಲ ಹೆಗಲಲ್ಲಿಟ್ಟುಕೊಂಡೇ ಪುಟ ಓದಿ ಹೇಳುತ್ತಿದ್ದ, ಅವಳು ಆಡುತ್ತಿದ್ದಳು. ಇಬ್ಬರೂ ದಣಿದಿರುತ್ತಿದ್ದರು, ಮಾತು ಕಡಿಮೆ. ಕೊನೆಯ ವಾರ ಇಡೀ ವಹಿ ಅವಳಿಗೆ ಬಾಯಿಪಾಠವಾಗಿತ್ತು.

ಪಂದ್ಯ ನಡೆದದ್ದು ವಿದ್ಯಾನಗರದ ಒಂದು ಸಭಾಭವನದಲ್ಲಿ. ಕೊನೆಯ ಎಂಟಕ್ಕೆ ಬರಲು ಮೂವರನ್ನು ಸೋಲಿಸಬೇಕು, ಒಬ್ಬೊಬ್ಬರ ಮೇಲೆ ಮೂರರಲ್ಲಿ ಎರಡು ಕುಸ್ತಿ ಗೆಲ್ಲಬೇಕು. ಮಾಯಾ ಅಜ್ಜನನ್ನು ಆರಿಸಿದಾಗ ಹಿಂದೆ ಕುಳಿತಿದ್ದ ಹುಡುಗರು ನಕ್ಕರು. ಮೊದಲಿನವನು ಎರಡೂ ಸೋತ. ಎರಡನೆಯವಳೂ ಸೋತಳು, ಎದ್ದು ಹೋಗುವಾಗ, ಅಜ್ಜನ ಎದುರು ಇದುವರೆಗೆ ಆಡಿಯೇ ಇಲ್ಲ, ಯಾರೂ ಅದನ್ನು ಹಿಡಿಯುವುದಿಲ್ಲವಲ್ಲ ಎಂದಳು. ಹುಲಗೇಶನಿಗೆ ಆ ಮಾತು ಕೇಳಿಸಲಿಲ್ಲ. ಅವನು ಕುರ್ಚಿಯ ತುದಿಯಲ್ಲಿ ಕುಳಿತು ಕೆಂಪು ಪೆನ್ನಿನಲ್ಲಿ ಗೆಲುವು ಬರೆಯುತ್ತಿದ್ದ. ಮಾಯಾಳಿಗೆ ಕೇಳಿಸಿತು.

ಮೂರನೆಯವನು ಚೆನ್ನೈಯಿಂದ ಬಂದ ಹುಡುಗ. ಅವನು ಉದ್ದಗೈಯನ್ನು ಆರಿಸಿದ.

ಆ ಪುಟ ಅವಳಿಗೆ ಅಕ್ಷರ ಬಿಡದೆ ನೆನಪಿತ್ತು. ಉದ್ದಗೈ ಕೈ ಚಾಚಿ ಎಳೆದುಕೊಳ್ಳುವಾಗ ತಡ ಮಾಡುತ್ತದೆ, ಆಗ ನುಗ್ಗಬೇಕು. ಉದ್ದಗೈ ಹಿಂದಕ್ಕೆ ಜಿಗಿಯುವುದಿಲ್ಲ, ಹತ್ತಿರ ಹೋದರೆ ಸಿಕ್ಕೇ ಸಿಗುತ್ತದೆ. ಅವಳು ಕಾದಳು, ನುಗ್ಗಿದಳು. ಚೆನ್ನೈ ಹುಡುಗನ ಉದ್ದಗೈ ತಡ ಮಾಡಲಿಲ್ಲ. ಹಿಂದಕ್ಕೆ ಜಿಗಿದು ಅಲ್ಲಿಂದಲೇ ಕೈ ಚಾಚಿತು. ಅವಳು ಮತ್ತೆ ನುಗ್ಗಿದಳು, ಅದು ಮತ್ತೆ ಹಿಂದಕ್ಕೆ ಜಿಗಿಯಿತು. ಮೊದಲ ಕುಸ್ತಿ ಅರ್ಧ ನಿಮಿಷದಲ್ಲಿ ಹೋಯಿತು.

ಹುಲಗೇಶ ವಹಿ ತೆರೆದುಕೊಂಡು ಅವಳ ಹೆಗಲ ಬಳಿ ಬಗ್ಗಿದ.

"ಅದು ಹಿಂದಕ್ಕ ಜಿಗಿಯಂಗಿಲ್ಲ ಮಾಯಾ. ಇನ್ನೂರ ಹನ್ನೊಂದು ಕುಸ್ತ್ಯಾಗ ಒಂದ್ ಸಲಾನೂ ಜಿಗದಿಲ್ಲ. ನೀ ಮುಂದಕ್ಕ ಹೋಗು."

ಇನ್ನೂರ ಹನ್ನೊಂದು ಎಂದಾಗ ಅವಳಿಗೆ ಮಾಸ್ತರರ ಎಡಗೈ ಕಣ್ಣ ಮುಂದೆ ಬಂತು. ಹೆಬ್ಬೆರಳಿನ ಗೆಣ್ಣು ಊದಿದ, ಹಿಂದಕ್ಕೆ ಬಾಗದ ಎಡಗೈ. ಪಾತ್ರ ಹಿಂದಕ್ಕೆ ಜಿಗಿಯಬೇಕೆಂದರೆ ಆ ಹೆಬ್ಬೆರಳಿನಿಂದಲೇ ಆಟದ ರಿಮೋಟಿನ ಗುಂಡಿಯನ್ನು ಹಿಂದಕ್ಕೆಳೆಯಬೇಕು. ಮಾಸ್ತರರಿಗೆ ಅದು ಆಗುತ್ತಿರಲಿಲ್ಲ. ಇನ್ನೂರ ಹನ್ನೊಂದೂ ಅವರದೇ.

ಹೇಳಲು ಹೊತ್ತಿರಲಿಲ್ಲ. ಬೇರೆ ಥರ ಆಡೋಣವೆಂದರೆ ಕೈಗೆ ಬೇರೆ ಏನೂ ಗೊತ್ತಿರಲಿಲ್ಲ. ಅವಳು ಮುಂದಕ್ಕೆ ಹೋದಳು. ಎರಡನೆಯ ಕುಸ್ತಿಯೂ ಹೋಯಿತು.

ಧಾರವಾಡಕ್ಕೆ ಹಿಂತಿರುಗುವ ಚಿಗರಿ ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಉಣಕಲ್ ದಾಟುವವರೆಗೆ ಹುಲಗೇಶ, ಆ ಹುಡುಗನ ಕೈ ಬಹಳ ಚುರುಕು, ದೈವ ಚೆನ್ನಾಗಿರಲಿಲ್ಲ, ಮುಂದಿನ ವರ್ಷ ನೋಡೋಣ ಎಂದೆಲ್ಲ ಹೇಳುತ್ತಿದ್ದ. ಚಿನ್ಮಯೀಗೆ ಹೇಗೆ ಬರೆಯುವುದು ಎಂದು ಅವಳನ್ನೇ ಕೇಳಿದ. ಮಾಯಾ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಹೇಳದೆ ಹೋದರೆ ಅವನು ಇನ್ನೊಂದು ಏಳು ವರ್ಷ ಬರೆಯುತ್ತಾನೆ ಎನ್ನಿಸಿತು. ರಾಯಾಪುರದ ಹತ್ತಿರ ಬಸ್ಸು ನಿಂತಾಗ ಹೇಳಿದಳು.

"ಹುಲಗೇಶಣ್ಣ, ಉದ್ದಗೈ ಜಿಗೀತೈತಿ. ಜಿಗಿಯಂಗಿಲ್ಲದಾವ್ರು ನಮ್ಮ ಮಾಸ್ತರು."

ಅವನು ವಹಿ ತೆರೆದು ಆ ಪುಟವನ್ನು ಮೇಲಿನಿಂದ ಕೆಳಗಿನ ತನಕ ಓದಿದ, ಬೇರೆ ಯಾರೋ ಬರೆದದ್ದನ್ನು ಓದುವ ಹಾಗೆ. ಆಮೇಲೆ ಪುಟ ತಿರುವಿ ಮೂಟಿಯ ಹಾಳೆ ತೆಗೆದು ಅವಳ ಮುಂದೆ ಹಿಡಿದ.

"ಇದು?"

ಮೂಟಿ ಮೊದಲ ಏಟು ಎಂದೂ ತಾನು ಹೊಡೆಯುವುದಿಲ್ಲ, ಎದುರಿನವರು ಬರಲಿ ಎಂದು ಕಾಯುತ್ತದೆ ಎಂದು ಅಲ್ಲಿ ಬರೆದಿತ್ತು.

"ಅದು ಕಾಕಾ," ಎಂದಳು ಮಾಯಾ.

"ಮತ್ತ ಅಜ್ಜ?"

ಅವಳು ಬೆರಳು ಮಡಚಿ ಎಣಿಸಿದಳು. ಏಳು ವರ್ಷದಲ್ಲಿ ಅಜ್ಜನನ್ನು ಹಿಡಿದವರು ಅವಳೂ ಸೇರಿ ಆರು ಜನ, ಆರೂ ಜನ ಅಂಗಡಿಯ ಚುರುಕು ಕೈಗಳು. ಅದಕ್ಕೇ ಅವರಿಗೆ ಅಜ್ಜನನ್ನು ಕೊಟ್ಟಿದ್ದು. ಗೆದ್ದದ್ದು ಕೈ. ಹುಲಗೇಶ ಬರೆದದ್ದು ಪಾತ್ರದ ಹೆಸರು.

"ಇದನ್ನ ನಾ ಮೊದಲ ನೋಡಬೇಕಿತ್ತಣ್ಣ," ಎಂದಳು. "ಕಾಲೇಜಿನ್ಯಾಗ ಇದನ್ನ ಕಲಿಸ್ತಾರ ನಮಗ."

"ನೀ ಬರೂಕಿಂತ ಮೊದ್ಲ ಐದು ವರ್ಷ ಬರದೇನಿ ನಾ. ನಿಂದೇನ್ ತಪ್ಪ ಐತಿ," ಎಂದ ಅವನು. ವಹಿ ಮುಚ್ಚಿ, "ಮಾಸ್ತರ ಬೆರಳು ನಂಗ ಗೊತ್ತಿತ್ತು ನೋಡು. ಅವರಿಗೆ ಎಣ್ಣಿ ತಂದು ಕೊಟ್ಟಾಂವನೂ ನಾನ," ಎಂದ.

ಜುಬಿಲಿ ಸರ್ಕಲ್ಲಿನಲ್ಲಿ ಇಳಿದು ಅಂಗಡಿಯವರೆಗೆ ನಡೆದರು. ಅವನು ಬಲಗಾಲನ್ನು ಬೆರಳ ಮೇಲೆ ಊರಿ ನಡೆಯುತ್ತಿದ್ದ. ಉಸ್ಮಾನಸಾಬರು ಅವರ ಮುಖ ನೋಡಿ ಫಲಿತಾಂಶ ಕೇಳದೆ ಚಹಾ ತರಿಸಿದರು. ಮಾಯಾ ಎಲ್ಲವನ್ನೂ ಹೇಳಿದಳು. ಅವರು ಕೇಳಿಸಿಕೊಂಡು ಬಹಳ ಹೊತ್ತು ಝೆರಾಕ್ಸ್ ಯಂತ್ರದ ಗಾಜು ಒರೆಸಿದರು.

"ನಾ ಜೋಡಿ ಹಚ್ಚಿದ್ದು ಕುಸ್ತಿ ಛಲೋ ಆಗ್ಲಿ ಅಂತ ಬೇಟಾ," ಎಂದರು ಕೊನೆಗೆ ಹುಲಗೇಶನಿಗೆ. "ಅದರಾಗ ನೀ ಲೆಕ್ಕ ತಗೀತಿ ಅಂತ ಗೊತ್ತಿದ್ರ ಹೇಳ್ತಿದ್ನಿ."

"ಪ್ರತಿ ರವಿವಾರ ನಿಮ್ಮ ಮುಂದ ಕುಂತ ಬರದೇನಲ್ರಿ ಕಾಕಾ."

"ಮೀಟರ್ ಬರಿಯಾಕತ್ತಾನ ಅನ್ಕೊಂಡಿದ್ನಿ," ಎಂದರು ಅವರು. ಹುಲಗೇಶ ನಕ್ಕ. ಮಾಯಾಳಿಗೂ ನಗು ಬಂತು, ಆದರೆ ಚಹಾ ಕುಡಿಯುವಷ್ಟರಲ್ಲಿ ಅದು ಇಳಿದುಹೋಯಿತು.

ಚಿನ್ಮಯೀಗೆ ಹುಲಗೇಶ ಇದ್ದದ್ದನ್ನು ಇದ್ದ ಹಾಗೆ ಬರೆದ. ಪಟ್ಟಿ ತಪ್ಪಿದೆ, ಯಾಕೆ ತಪ್ಪಿದೆ ಎಂಬುದು ಹೀಗೆ. ನಾಲ್ಕು ದಿನಕ್ಕೆ ಉತ್ತರ ಬಂತು. ಇಷ್ಟು ಪ್ರಾಮಾಣಿಕವಾಗಿ ಬರೆದವರು ಕಡಿಮೆ ಎಂದು ಹೊಗಳಿ, ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡಿರುವುದಾಗಿ ತಿಳಿಸಿದ್ದಳು. ಅವನು ಅದನ್ನು ಮಾಯಾಳಿಗೆ ತೋರಿಸಿ ಫೋನು ಕಿಸೆಗಿಟ್ಟುಕೊಂಡ.

ಮುಂದಿನ ರವಿವಾರ ನೀಲಕಂಠಪ್ಪ ಮಾಸ್ತರರು ಎಂದಿನ ಕುರ್ಚಿಯಲ್ಲಿ ಕುಳಿತು ಉದ್ದಗೈಯನ್ನು ಆರಿಸಿದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಪಂದ್ಯದಲ್ಲಿ ಯಾವ ಪಾತ್ರದ ಎದುರು ಸೋತೆಯವ್ವಾ ಎಂದು ಅವರು ಮಾಯಾಳನ್ನು ಕೇಳಿದರು. ಅವಳು ಹೇಳಿದಳು. ಮಾಸ್ತರರ ಮುಖ ಹಿಗ್ಗಿತು, ಅದು ಬಲವಾದ ಪಾತ್ರ ಎಂದು ನಾನು ಮೊದಲಿನಿಂದ ಹೇಳುತ್ತಿದ್ದೆ ಎಂದರು. ಹೌದ್ರಿ ಮಾಸ್ತರ್, ನೀವು ಹೇಳ್ತಿದ್ರಿ ಎಂದ ಹುಲಗೇಶ. ಅವನ ತೊಡೆಯ ಮೇಲೆ ವಹಿ ಇರಲಿಲ್ಲ. ಮಾಯಾ ಅಜ್ಜನನ್ನು ಹಿಡಿದು ಮಾಸ್ತರರ ಹತ್ತಿರ ಹೋದಳು. ಉದ್ದಗೈ ಹಿಂದಕ್ಕೆ ಜಿಗಿಯಲಿಲ್ಲ.

ಮಾಯಾ ಈಗ ಮುಗದದ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ರವಿವಾರ ಬಸ್ಸು ಸಿಕ್ಕರೆ ಬರುತ್ತಾಳೆ. ಹುಲಗೇಶ ಈಗಲೂ ಮೀಟರ್ ಓದುತ್ತಾನೆ. ಸಪ್ತಾಪುರದಿಂದ ಕೆಲಗೇರಿಯ ತನಕ, ದಿನಕ್ಕೆ ನೂರ ಅರವತ್ತು ಮನೆ.