ಉತ್ತರ ಗಾಳಿಯ ಆಚೆ ನನ್ನ ಸಾವು

ಜನವರಿ ಹದಿನೇಳು, ಶುಕ್ರವಾರ, ಸಂಜೆ ನಾಲ್ಕೂಕಾಲು. ಬೌಷರಿನಲ್ಲಿ ಗೆಳತಿಯ ಹೊಸ ಮನೆಯ ಬೆಲ್ ಒತ್ತಿದೆ.

ಕೊಲ್ಲಿ ನಾಡಿನ ಇದೇ ನಗರದ ಇನ್ನೊಂದು ಬಡಾವಣೆ ಹಮ್ರಿಯಾದ ಒಂದೇ ಕಟ್ಟಡದಲ್ಲಿ ಬೆಳೆದವರು ನಾವು. ಅವಳ ಮನೆಯಲ್ಲಿ ಕೊಂಕಣಿ, ನಮ್ಮಲ್ಲಿ ತುಳು. ನಮ್ಮಿಬ್ಬರ ನಡುವೆ ಕನ್ನಡ. ಎಂಟನೇ ತರಗತಿಯಲ್ಲಿ ನಮಗೆ ಹೈಪರ್ಬೋರಿಯಾ ಸಿಕ್ಕಿತು. ಉತ್ತರ ಗಾಳಿಯ ಆಚೆಗೆ ಇದೆಯೆಂದು ಗ್ರೀಕರು ನಂಬಿದ್ದ ನಾಡು. ಅಲ್ಲಿ ಚಳಿಯಿಲ್ಲ, ರೋಗವಿಲ್ಲ, ಮುಪ್ಪಿಲ್ಲ. ಈಚಿನ ಕಾದಂಬರಿಕಾರರು ಅದರಲ್ಲಿ ಹಿಮವನ್ನೂ ಮಾಂತ್ರಿಕರನ್ನೂ ತುಂಬಿದ್ದಾರೆ. ನಮಗೆ ಹಳೆಯದೇ ಇಷ್ಟ. ಇಲ್ಲಿಯ ಉತ್ತರ ಗಾಳಿ ಶಮಾಲ್ ಧೂಳೆಬ್ಬಿಸಿದ ದಿನಗಳಲ್ಲಿ ಕಿಟಕಿ ಮುಚ್ಚಿ ಕೂತು ಆ ನಾಡಿನ ಕಥೆ ಬರೆದೆವು. ಅವಳು ರಾಣಿ, ನಾನು ಕಣಿವೆಯ ಕಾವಲಿನವಳು. ಒಟ್ಟು ಮೂವತ್ತೊಂದು ಅಧ್ಯಾಯ, ಹದಿನೇಳು ನನ್ನವು.

ಅಕ್ಟೋಬರಿನಲ್ಲಿ ಗೆಳತಿಯ ಮನೆಯವರು ಮನೆ ಬದಲಿಸಿದರು. ಅಪ್ಪನಿಗೆ ಶುಕ್ರವಾರವೂ ಡ್ಯೂಟಿ, ನನ್ನನ್ನು ಬಿಟ್ಟುಬರುವವರಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಅವಳದು ಒಂದೇ ಮಾತು: “ನೀನಿಲ್ದೆ ಒಂದು ಸಾಲೂ ಬರೆಯೂದಿಲ್ಲ.” ಅಂತೂ ಈ ವಾರ ಅಪ್ಪನಿಗೆ ರಜೆ ಸಿಕ್ಕಿತು.

ಒಳಗೆ ಅವಳ ಕಟ್ಟಡದ ಇಬ್ಬರು ಹುಡುಗಿಯರು ನಾವಿಬ್ಬರು ಬರೆದಿದ್ದ ಆ ನಾಡಿನ ಭೂಪಟವನ್ನು ನೆಲದ ಮೇಲೆ ಹರಡಿ ಕೂತಿದ್ದರು.

“ಓ, ಕಾವಲಿನವಳು! ನೀನು ಖಲಾಸ್ ಆಗಿ ತಿಂಗಳಾಯ್ತಲ್ಲ,” ಎಂದಳು ಒಬ್ಬಳು, ಚಿಪ್ಸ್ ಅಗಿಯುತ್ತ.

“ಸಿಟ್ಟು ಮಾಡ್ಬೇಡ ಮಾರಾಯ್ತಿ,” ಎಂದಳು ಗೆಳತಿ. “ನೀನು ಬರ್ಲೇ ಇಲ್ಲ. ಕಣಿವೆ ಖಾಲಿ ಬಿಡ್ಲಿಕ್ಕೆ ಆಗ್ತದಾ? ನೀನು ಹಾರಿದ್ದು ಅಂತ ಬರೆದ್ವಿ. ಹೂಮಾಲೆ ಹಾಕಿ ಚೆಂದ ಮಾಡಿಯೇ ಕಳಿಸಿದ್ದು.”

ಆ ನಾಡಿನಲ್ಲಿ ಸಾವು ತಾನಾಗಿ ಬರುವುದಿಲ್ಲ. ಬದುಕು ಸಾಕೆನಿಸಿದವರು ಊಟ ಮುಗಿಸಿ, ಮಾಲೆ ಧರಿಸಿ, ಬಂಡೆಯ ಮೇಲಿಂದ ಕಡಲಿಗೆ ಹಾರುತ್ತಾರೆ. ಅವರವರ ಇಷ್ಟದಿಂದ.

“ನಂಗೆ ಸಾಕಾಯ್ತು ಅಂತ ನಿಂಗೆ ಯಾರು ಹೇಳಿದ್ದು?”

“ಸುಮ್ನೆ ಕಥೆ ಅಲ್ವಾ! ಬೇಕಾದ್ರೆ ಹೊಸಬಳಾಗಿ ಬಾ. ಬಂದರಿನಲ್ಲಿ ಒಂದು ಕೆಲಸ ಉಂಟು.”

“ವೀಸಾ ಉಂಟಾ ಕೇಳು,” ಎಂದಳು ಇನ್ನೊಬ್ಬಳು. “ವೀಸಾಕ್ಕೆ ಜವಾಬ್ದಾರಿ ಹೊರುವ ಕಫೀಲ್ ಯಾರು ಇವಳಿಗೆ?”

ಮೂವರೂ ನಕ್ಕರು. ಗೆಳತಿಯೂ.

ಆ ಅಧ್ಯಾಯವನ್ನು ಕೈಗೆತ್ತಿಕೊಂಡು ಓದಿದೆ. ನಾನು ನಗುತ್ತ ಹಾರಿದೆನಂತೆ. ಬರೆದ ಕೈ ಗೆಳತಿಯದೇ. ಪುಟವನ್ನು ಅಲ್ಲೇ ಇಟ್ಟು, ಅಪ್ಪನಿಗೆ ಫೋನ್ ಮಾಡಿ, ಕೆಳಗಿಳಿದು ಬಂದೆ.

ನನಗೆ ಸಿಕ್ಕಿದ ಪುಸ್ತಕಗಳಲ್ಲಿ ಎಲ್ಲರೂ ತಾವೇ ಹಾರಿದವರು. ಆ ಬಂಡೆಯಿಂದ ಯಾರನ್ನಾದರೂ ಬೇರೆಯವರು ದೂಡಿದ ಕಥೆ ಗ್ರೀಕರಲ್ಲಿ ಎಲ್ಲಾದರೂ ಇದೆಯೇ? ಗೊತ್ತಿದ್ದವರು ದಯವಿಟ್ಟು ನನಗೆ ಬರೆದು ತಿಳಿಸಿ.