ಭವ್ಯ ಕಲಿತ ಆರನೇ ಕ್ಲಾಸು

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ: ತಲೆಯಾಡಿಸುವುದರಲ್ಲಿ ನಾನು ಬಲು ಗಟ್ಟಿಗ. ಓದಿದ್ದು ಮೂರನೇ ಕ್ಲಾಸು. ಅಲ್ಲಿಂದ ಮುಂದಕ್ಕೆ ಸಾಹೇಬರು, ಡಾಕ್ಟರು, ಬ್ಯಾಂಕಿನವರು ಏನೇ ಹೇಳಲಿ, ಎಲ್ಲ ಅರ್ಥವಾದವನಂತೆ ತಲೆಯಾಡಿಸಿಕೊಂಡೇ ಅರವತ್ತು ದಾಟಿದ್ದೇನೆ. ಹಲಸೂರಿನ ನಮ್ಮ ಬೀದಿಗೆ ಕೋಲೆಬಸವ ಬರುತ್ತದಲ್ಲ, 'ಮಳೆ ಬರ್ತದಾ ಬಸವಾ?' ಎಂದರೂ ಹೂಂ, 'ಈ ಹುಡುಗನಿಗೆ ಹೆಣ್ಣು ಸಿಗ್ತದಾ?' ಎಂದರೂ ಹೂಂ. ಜನ ನಗುತ್ತಾರೆ. ನನಗೆ ಮಾತ್ರ ಅದರ ಮೇಲೆ ಬಂಧುಪ್ರೀತಿ. ಅದಕ್ಕಾದರೂ ಕೊಂಬಿಗೆ ಬಣ್ಣ ಹಚ್ಚಿರುತ್ತಾರೆ.

ನನ್ನ ಮೊಮ್ಮಗಳು ಭವ್ಯ ಐದನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಆರನೆಯದಕ್ಕೆ ಇಂದಿರಾನಗರದ ಇಂಗ್ಲಿಷ್ ಶಾಲೆಯಲ್ಲಿ ಸೀಟು ಸಿಕ್ಕಿತು. ಸಿಕ್ಕಿದ್ದು ಅವಳಿಗೆ, ಕುಣಿದದ್ದು ನಾನು. ಜೀವನ್ ಬಿಮಾ ನಗರದಲ್ಲಿ ಈಗ ಮನೆಗಳೆದ್ದಿರುವ ಕಡೆ ಒಂದು ಕಾಲಕ್ಕೆ ದಂಟಿನ ಸೊಪ್ಪು ಬೆಳೆದವರು ನಾವು. ಸೊಪ್ಪಿನವನ ಮೊಮ್ಮಗಳು ಟೈ ಕಟ್ಟಿಕೊಂಡು ನಡೆದರೆ ಬೀದಿಗೆಲ್ಲ ಹೇಳದೆ ಇರಲಾದೀತೆ? ದಿನಾ ಸಂಜೆ ಕೇಳುತ್ತಿದ್ದೆ, "ಪಾಠ ಅರ್ಥ ಆಯ್ತೇನೇ?" ಅವಳು ತಲೆಯಾಡಿಸುತ್ತಿದ್ದಳು. ಆ ತಲೆಯಾಟದ ಗುಟ್ಟು ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಮಾರ್ಚಿನಲ್ಲಿ ಕನ್ನಡದ ಮಿಸ್ಸು 'ಈ ವರ್ಷ ನಾನು ಕಲಿತದ್ದು' ಎಂದು ಒಂದು ಪುಟ ಬರೆದು ತರಲು ಹೇಳಿದರಂತೆ. ಕನ್ನಡವಾದ್ದರಿಂದ ಭವ್ಯ ಎಲ್ಲೂ ನಿಲ್ಲಿಸದೆ ಬರೆದಳು. ಜಗಲಿಯ ಮೇಲೆ ಕೂರಿಸಿಕೊಂಡು ಓದಿಸಿದೆ.

"ಎಲ್ಲರೂ ನಕ್ಕ ಮೇಲೆ ನಗುವುದನ್ನು ಕಲಿತೆ. ಬೋರ್ಡಿನ ಮೇಲಿದ್ದದ್ದನ್ನು ಅಳಿಸುವ ಮುಂಚೆ ರಂಗೋಲಿಯ ಹಾಗೆ ನೋಡಿ ನೋಡಿ ಇಳಿಸಿಕೊಳ್ಳುವುದನ್ನು ಕಲಿತೆ. ಕಿಟಕಿಯ ಪಕ್ಕದ ಬೆಂಚಿನ ಕಡೆ ಗಣಿತದ ಮಿಸ್ ನೋಡುವುದಿಲ್ಲ ಎಂದು ಕಲಿತೆ. ತಾತ ಕೇಳಿದಾಗ ಹೂಂ ಅನ್ನುವುದನ್ನು ಕಲಿತೆ. ಬೇರೆ ಏನೂ ಕಲಿಯಲಿಲ್ಲ."

ಒಳಗಿಂದ ಕೇಳಿಸಿಕೊಂಡ ಸೊಸೆ ಹೊರಗೆ ಬಂದಳು. "ಇದನ್ನ ಕೊಟ್ರೆ ಮಾನ ಹೋಗುತ್ತೆ ಮಾವ. ಹರ್ದಾಕಿ, ಬೇರೆ ಬರೀಲಿ."

ನಾನು ಕೇಳಿದೆ, "ಮೊದ್ಲೇ ಹೇಳ್ಬಾರ್ದಿತ್ತೇನೇ ಪುಟ್ಟಿ?"

"ಹೆಂಗೆ ಹೇಳ್ಲಿ ತಾತ? ನೀನು ಅಷ್ಟೊಂದು ಖುಷಿಯಾಗಿದ್ದೆ."

ಮಗುವಿನ ಬಾಯಿಗೆ ಬೀಗ ಹಾಕಿದ್ದು ಇಂಗ್ಲಿಷಲ್ಲ, ನನ್ನ ಖುಷಿ. ಹಾಳೆ ನನ್ನ ಕೈಯಲ್ಲೇ ಇತ್ತು; ಹರಿಯಲು ಬೆರಳು ಎದ್ದದ್ದೂ ನಿಜ. ಹರಿಯದೆ ಅವಳ ಬ್ಯಾಗಿಗೆ ಹಾಕಿದೆ. ಕೊಟ್ಟಳು. ಮಿಸ್ಸು ಓದಿ ತಲೆ ಸವರಿದರಂತೆ. ತಲೆ ಸವರಿದರೆ ಮಾರ್ಕು ಬರುತ್ತದೆಯೇ? ಗಣಿತ, ವಿಜ್ಞಾನ ಎರಡರಲ್ಲೂ ಫೇಲು. ಗೆಳತಿಯರೆಲ್ಲ ಏಳಕ್ಕೆ ಹೋದರು, ಇವಳು ಚಿಕ್ಕವರ ನಡುವೆ ಮತ್ತೆ ಆರರಲ್ಲೇ ಕೂತಳು.

ಹಾಗಿದ್ದೂ ಇವತ್ತು ನನಗೆ ಹಿಗ್ಗು ತಡೆಯಲಾಗುತ್ತಿಲ್ಲ. ಸಂಜೆ ಬಂದವಳು ಶೂ ಬಿಚ್ಚುತ್ತಲೇ ಹೇಳಿದಳು, "ಇವತ್ತು ಕೈ ಎತ್ತಿ ಹೇಳ್ದೆ ತಾತ, ಅರ್ಥ ಆಗ್ಲಿಲ್ಲ ಮಿಸ್ ಅಂತ."

"ಏನಂದ್ರು?"

"ಬೈದ್ರು. ಆಮೇಲೆ ಇನ್ನೊಂದ್ಸಲ ಹೇಳಿದ್ರು."

"ಈಗ ಅರ್ಥ ಆಯ್ತಾ?"

"ಇಲ್ಲ."

ಬೀದಿಗೆಲ್ಲ ಸಾರಿ ಬರೋಣ ಎಂದು ಎದ್ದು ಬಾಗಿಲವರೆಗೆ ಹೋದೆ. ಏನೆಂದು ಸಾರಲಿ? ವಾಪಸು ಬಂದು ಅವಳ ಪಕ್ಕದಲ್ಲೇ ಕೂತೆ. "ಎಲ್ಲಿಂದ ಅರ್ಥ ಆಗ್ಲಿಲ್ಲ, ತೋರ್ಸು" ಎಂದೆ.

ಭವ್ಯ ಗಣಿತದ ಪುಸ್ತಕ ತೆಗೆದು, ಮೊದಲನೆಯ ಪುಟ ತೆರೆದಳು.